ಡಯಾಲಿಸಿಸ್ ಮಾಡಿಸಬೇಕೆ? ಮೊದಲು ಹಿರಿಯರನ್ನೇ ಕೇಳಿ

ಅತ್ತೆಗೆ ಆಗ 81 ವರ್ಷ. ಅಪ್ಪನ ಅಕ್ಕ. ಸಾಗರದ ಆಚೆಯ ಹಳ್ಳಿಯಿಂದ ಶಿವಮೊಗ್ಗದ ಕಿಡ್ನಿ ಡಾಕ್ಟರ ಹತ್ತಿರ ಕರೆತಂದಿದ್ದೆವು. ನಮ್ಮ ಸರದಿ ಬಂದಾಗ ಅವರನ್ನು ಹೊರಗಿನ ಬೆಂಚಿನ ಮೇಲೆಯೇ ಕೂರಿಸಿ, ರಿಪೋರ್ಟ್ ಹಿಡಿದುಕೊಂಡು ನಾವು ಮೂವರು ಒಳಗೆ ಹೋದೆವು. ವಯಸ್ಸಾದವರಿಗೆ ಸುಮ್ಮನೆ ಗಾಬರಿ ಯಾಕೆ ಅಂತ. ಇಪ್ಪತ್ತು ನಿಮಿಷ ಬಿಟ್ಟು ಹೊರಗೆ ಬಂದರೆ ಅತ್ತೆ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತ ಕೂತಿದ್ದರು. “ಎಂಥ ಮಾತಾಡಿದ್ರೋ ಅಷ್ಟು ಹೊತ್ತು? ನನ್ನ ವಿಷಯ ಅಲ್ವಾ ಅದು?” ಎಂದರು.

ನಮ್ಮ ಬಾಯಿ ಕಟ್ಟಿತು. ಡಾಕ್ಟರು ಅತ್ತೆಯನ್ನು ಒಳಗೆ ಕರೆಸಿಕೊಂಡು, ತಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದು, ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದರು. ಅತ್ತೆ ಕೇಳಿದ ಪ್ರಶ್ನೆಗಳು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ವಾರಕ್ಕೆ ಎಷ್ಟು ದಿನ ಬರಬೇಕು? ಬಂದು ಹೋದ ದಿನ ಒಲೆ ಮುಂದೆ ನಿಲ್ಲಲಿಕ್ಕೆ ಆಗುತ್ತದಾ? ಬೇಡ ಅಂದರೆ ಕೊನೆಗೆ ಏನಾಗುತ್ತದೆ, ನೋವಾಗುತ್ತದಾ?

ಮನೆಯಲ್ಲಿ 75 ದಾಟಿದವರಿಗೆ ಕಿಡ್ನಿ ಕೈಕೊಟ್ಟಾಗ ಕೇಳಬೇಕಾದ್ದು ಇವೇ. ಆದರೆ ಸಾಮಾನ್ಯವಾಗಿ ಕೇಳುವುದು ಒಂದೇ: “ಡಯಾಲಿಸಿಸ್ ಯಾವಾಗ ಶುರು ಮಾಡೋಣ?” ಬೇರೊಂದು ದಾರಿಯೂ ಇದೆ, ಅದರಲ್ಲೂ ಚಿಕಿತ್ಸೆ ಇದೆ ಎಂಬುದನ್ನು ಹೇಳುವವರು ಕಡಿಮೆ. ಎರಡೂ ದಾರಿಗಳು ಹೇಗಿರುತ್ತವೆ ಎಂದು ತಿಳಿಯದೆ ಹಿರಿಯರ ಪರವಾಗಿ ಮನೆಯವರು ನಿರ್ಧರಿಸಿಬಿಡುವುದು ತಪ್ಪು ಎಂಬುದು ನನ್ನ ಬಲವಾದ ಅಭಿಪ್ರಾಯ. ಆ ತಪ್ಪನ್ನು ನಾವು ಒಮ್ಮೆ ಮಾಡಿದ್ದೇವೆ. ಅದನ್ನು ಮುಂದೆ ಹೇಳುತ್ತೇನೆ.

ರಿಪೋರ್ಟಿನ ಅಂಕಿ ನೋಡಿ ಹೆದರುವ ಮೊದಲು

ಎಲ್ಲರ ಬಾಯಲ್ಲೂ ಇರುವುದು ಕ್ರಿಯಾಟಿನಿನ್. “ನಾಲ್ಕು ಆಗಿದೆಯಂತೆ, ಆರು ಆಗಿದೆಯಂತೆ” ಎಂದು ಫೋನಿನಲ್ಲಿ ಹೇಳಿಕೊಳ್ಳುತ್ತೇವೆ. ಆ ಅಂಕಿಯೊಂದೇ ಪೂರ್ತಿ ಕಥೆ ಹೇಳುವುದಿಲ್ಲ. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. ಸಣಕಲು ಮೈಯ ಅಜ್ಜಿಯಲ್ಲಿ ಅದು ಹುಟ್ಟುವುದೇ ಕಡಿಮೆ. ಹಾಗಾಗಿ ಡಾಕ್ಟರು ನೋಡುವುದು ಇ-ಜಿಎಫ್‌ಆರ್ ಅನ್ನು, ಅಂದರೆ ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತವನ್ನು ಸೋಸುತ್ತಿದೆ ಎಂಬ ಅಂದಾಜನ್ನು. ಅತ್ತೆಯ ಕ್ರಿಯಾಟಿನಿನ್ 4.6 ಇತ್ತು. ಅವರ ವಯಸ್ಸಿಗೆ ಲೆಕ್ಕ ಹಾಕಿದರೆ ಇ-ಜಿಎಫ್‌ಆರ್ 9. ಅದೇ 4.6 ಮೂವತ್ತರ ಗಂಡಸಿಗೆ ಬಂದರೆ 16ರ ಮೇಲಿರುತ್ತದೆ. 15ಕ್ಕಿಂತ ಕೆಳಗಿಳಿದರೆ ಐದನೇ ಹಂತ, ಅಂದರೆ ಕೊನೆಯ ಹಂತ.

ಹಾಗೆಂದು 15ಕ್ಕಿಂತ ಇಳಿದ ದಿನವೇ ಡಯಾಲಿಸಿಸ್ ಶುರು ಮಾಡಬೇಕೆಂದೇನೂ ಇಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ 828 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದನ್ನೇ ಪರೀಕ್ಷಿಸಿತು. ಒಂದು ಗುಂಪಿಗೆ 10ರಿಂದ 14 ಇರುವಾಗಲೇ ಶುರು ಮಾಡುವುದು, ಇನ್ನೊಂದು ಗುಂಪಿಗೆ 5ರಿಂದ 7ಕ್ಕೆ ಇಳಿಯುವವರೆಗೆ ಕಾಯುವುದು, ನಡುವೆ ತೊಂದರೆ ಕಾಣಿಸಿಕೊಂಡರೆ ಆಗಲೇ ಶುರು ಮಾಡುವುದು ಎಂಬುದು ಏರ್ಪಾಡು. ಬೇಗ ಶುರು ಮಾಡಿದವರು ಹೆಚ್ಚು ಬದುಕಲಿಲ್ಲ. ಆದ್ದರಿಂದ ಅಂಕಿಯನ್ನಷ್ಟೇ ಕಂಡು “ನಾಳೆಯೇ ಬನ್ನಿ” ಎಂದರೆ, “ಇವರಿಗೆ ಈಗ ಇರುವ ಯಾವ ತೊಂದರೆಗಾಗಿ?” ಎಂದು ಕೇಳುವ ಹಕ್ಕು ನಿಮಗಿದೆ. ಉಸಿರು ಕಟ್ಟುವುದು, ನಿಲ್ಲದ ವಾಂತಿ, ಔಷಧಿಗೆ ಬಗ್ಗದ ಪೊಟ್ಯಾಸಿಯಂ, ಮಂಪರು ಇಂಥವು ಕಾರಣಗಳು. ಬರೀ ಅಂಕಿ ಕಾರಣವಾಗುವುದು ಅಪರೂಪ.

ಇನ್ನೊಂದು ಪ್ರಶ್ನೆಯನ್ನಂತೂ ಎಲ್ಲಕ್ಕಿಂತ ಮೊದಲು ಕೇಳಬೇಕು: “ಇದು ಸರಿಹೋಗುವಂಥದ್ದೋ, ಅಲ್ಲವೋ?” ವಾಂತಿ-ಭೇದಿಯಾಗಿ ಮೈಯ ನೀರು ಆರಿದ್ದರೆ, ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ನುಂಗಿದ್ದರೆ, ಪ್ರಾಸ್ಟೇಟ್ ಉಬ್ಬಿ ಮೂತ್ರ ಕಟ್ಟಿದ್ದರೆ, ಸೋಂಕು ತಗುಲಿದ್ದರೆ ಕಿಡ್ನಿ ದಿಢೀರನೆ ಕುಸಿಯುತ್ತದೆ, ಕಾರಣ ನಿವಾರಣೆಯಾದರೆ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಅಂಥಲ್ಲಿ ನಾಲ್ಕಾರು ಡಯಾಲಿಸಿಸ್ ಜೀವ ಉಳಿಸುವ ಸೇತುವೆ, ವಯಸ್ಸು ಎಂಬತ್ತೈದಾದರೂ ಹಿಂಜರಿಯಬೇಕಿಲ್ಲ. ನೆದರ್ಲೆಂಡ್ಸ್‌ನ ವೈದ್ಯ ವಿಲೆಮ್ ಕೋಲ್ಫ್ ಎರಡನೇ ಮಹಾಯುದ್ಧದ ನಡುವೆ ತಾವೇ ಕಟ್ಟಿದ ಯಂತ್ರದಿಂದ 1945ರಲ್ಲಿ ಮೊದಲು ಬದುಕಿಸಿದ್ದು 67 ವರ್ಷದ ಒಬ್ಬ ಹೆಂಗಸನ್ನು. ಆಕೆಯದೂ ಹೀಗೆ ದಿಢೀರನೆ ಬಂದು ಸರಿಹೋದ ಕಿಡ್ನಿ ವೈಫಲ್ಯವೇ. ಈ ಲೇಖನದಲ್ಲಿ ನಾನು ಹೇಳುತ್ತಿರುವುದು ಅದರ ಬಗ್ಗೆ ಅಲ್ಲ. ಸಕ್ಕರೆ ಕಾಯಿಲೆಯಿಂದಲೋ ಬಿಪಿಯಿಂದಲೋ ವರ್ಷಗಟ್ಟಲೆ ಸವೆದು, ಇನ್ನು ಹಿಂದಕ್ಕೆ ಬಾರದ ಕಿಡ್ನಿಯ ಬಗ್ಗೆ.

ಡಯಾಲಿಸಿಸ್ ಇರುವ ವಾರ

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. 74ನೇ ವಯಸ್ಸಿಗೆ ಡಯಾಲಿಸಿಸ್ ಶುರುವಾಯಿತು, ಈಗ ಐದನೇ ವರ್ಷ. ಮಂಗಳವಾರ, ಶನಿವಾರ ಬೆಳಗ್ಗೆ ಆರೂವರೆಗೆ ಆಟೋ ಹತ್ತುತ್ತಾರೆ. ಎಡಗೈಯ ಫಿಸ್ಟುಲಾದ (ಡಯಾಲಿಸಿಸ್ ಸೂಜಿಗೆಂದು ರಕ್ತನಾಳಗಳನ್ನು ಜೋಡಿಸಿದ ಜಾಗದ) ಮೇಲೆ ಬೆರಳಿಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ಝುಂ ಎನ್ನುತ್ತದೆ. ಎರಡು ದಪ್ಪ ಸೂಜಿ, ನಾಲ್ಕು ತಾಸು ಮಲಗುವುದು, ತೂಕ ನೋಡಿಕೊಂಡು ಮನೆಗೆ. ಆ ದಿನ ಮಧ್ಯಾಹ್ನವೆಲ್ಲ ನಿದ್ದೆ. ಮಾರನೇ ದಿನದಿಂದ ಮತ್ತೆ ಮೊದಲಿನ ಮನುಷ್ಯ. ಎಲ್ಲಾದರೂ ತಾಳಮದ್ದಲೆ ಇದ್ದರೆ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅವರಿಗೆ ಹೃದಯದ ತೊಂದರೆ ಇಲ್ಲ, ನಡಿಗೆ ಚುರುಕು, ಮನೆ ಪೇಟೆಯಲ್ಲೇ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಅವರೇ ಬಯಸಿ ಒಪ್ಪಿಕೊಂಡದ್ದು.

ಎಲ್ಲ ಹಿರಿಯರ ವಾರವೂ ಹೀಗಿರುವುದಿಲ್ಲ. ಪುಸ್ತಕದ ಪ್ರಕಾರ ವಾರಕ್ಕೆ ಮೂರು ಸಲ, ಒಂದೊಂದು ಸಲ ನಾಲ್ಕು ತಾಸು. ನಮ್ಮಲ್ಲಿ ದುಡ್ಡು, ದೂರ, ಯಂತ್ರದ ಸರದಿ ಎಲ್ಲ ನೋಡಿ ಬಹಳ ಜನ ಎರಡಕ್ಕೇ ನಿಲ್ಲಿಸುತ್ತಾರೆ. ನಾಲ್ಕು ತಾಸು ಎನ್ನುವುದು ಯಂತ್ರದ ಲೆಕ್ಕ. ಹಳ್ಳಿಯಿಂದ ಬಸ್ಸು, ಕಾಯುವುದು, ಸೂಜಿ ತೆಗೆದ ಮೇಲೆ ರಕ್ತ ನಿಲ್ಲುವವರೆಗೆ ಒತ್ತಿ ಹಿಡಿಯುವುದು, ವಾಪಸ್ ಬಸ್ಸು ಎಲ್ಲ ಸೇರಿದರೆ ದಿನವೇ ಮುಗಿಯಿತು. ಜೊತೆಗೊಬ್ಬರು ಬೇಕು, ಅವರ ಆ ದಿನದ ಕೂಲಿ ಹೋಯಿತು. ಬಿಪಿ ಕುಸಿದು ತಲೆಸುತ್ತುವುದು, ಕಾಲು ಹಿಡಿದುಕೊಳ್ಳುವುದು ಹಿರಿಯರಲ್ಲಿ ಹೆಚ್ಚು. ಕೆಲವರಿಗೆ ಸುಸ್ತು ಇಳಿಯುವ ಹೊತ್ತಿಗೆ ಮುಂದಿನ ಡಯಾಲಿಸಿಸ್ ಬಂದಿರುತ್ತದೆ.

ದುಡ್ಡಿನ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಕೇಂದ್ರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾದದ್ದು 2016ರಲ್ಲಿ. ಕರ್ನಾಟಕದಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲದೆ ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಘಟಕಗಳಿವೆ, ಬಿಪಿಎಲ್ ಕಾರ್ಡಿನವರಿಗೆ ಅಲ್ಲಿ ಉಚಿತ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು. ಯಂತ್ರದ ಖರ್ಚು ತಪ್ಪಿದರೂ ಓಡಾಟ, ರಕ್ತ ಹೆಚ್ಚಿಸುವ ಇಂಜೆಕ್ಷನ್, ಜೊತೆಗಿರುವವರ ದಿನಗಳು ಉಳಿದೇ ಇರುತ್ತವೆ. ಶುರು ಮಾಡುವ ಮೊದಲೇ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಸರದಿ ಸಿಗುತ್ತದೆಯೇ, ಯಾವ ಪಾಳಿ ಎಂದು ನೋಡಿಕೊಂಡು ಬನ್ನಿ. ಹಿರಿಯರನ್ನೂ ಕರೆದುಕೊಂಡು ಹೋಗಿ ಆ ಕೋಣೆಯನ್ನು ತೋರಿಸಿ. ಅಲ್ಲಿ ಮಲಗಿರುವವರ ಜೊತೆ ಹತ್ತು ನಿಮಿಷ ಮಾತಾಡಲಿ. ಹತ್ತು ಕರಪತ್ರ ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಡಯಾಲಿಸಿಸ್ ಬೇಕು ಎಂದು ತೀರ್ಮಾನವಾದರೆ ಫಿಸ್ಟುಲಾವನ್ನು ತಿಂಗಳುಗಳ ಮೊದಲೇ ಮಾಡಿಸಬೇಕು. ಕೈಯ ರಕ್ತನಾಳಗಳನ್ನು ಜೋಡಿಸಿದ ಮೇಲೆ ಅದು ಬಲಿತು ಸೂಜಿಗೆ ಒದಗಲು ಕಡಿಮೆಯೆಂದರೂ ಆರೆಂಟು ವಾರ, ಹಿರಿಯರಲ್ಲಿ ಇನ್ನೂ ತಡವಾಗುತ್ತದೆ. ಆ ಕೈಯಲ್ಲಿ ರಕ್ತ ತೆಗೆಸಬಾರದು, ಬಿಪಿ ನೋಡಿಸಬಾರದು. ಮೊದಲೇ ಮಾಡಿಸದಿದ್ದರೆ ಕುತ್ತಿಗೆಗೆ ನಳಿಗೆ ಹಾಕಬೇಕಾಗುತ್ತದೆ, ಸೋಂಕು ಹೆಚ್ಚು ಬರುವುದು ಅದರಿಂದಲೇ. ಆಸ್ಪತ್ರೆ ದೂರವಿರುವವರು ಹೊಟ್ಟೆಯ ಡಯಾಲಿಸಿಸ್ ಬಗ್ಗೆಯೂ ಕೇಳಿ. ಹೊಟ್ಟೆಗೆ ಮೆತ್ತನೆಯ ನಳಿಗೆ ಇಟ್ಟು, ಸಾಮಾನ್ಯವಾಗಿ ಎರಡು ಲೀಟರಿನ ದ್ರವದ ಚೀಲವನ್ನು ದಿನಕ್ಕೆ ಮೂರು-ನಾಲ್ಕು ಸಲ ಮನೆಯಲ್ಲೇ ಬದಲಾಯಿಸುವುದು. ಸೂಜಿ ಇಲ್ಲ, ಬಸ್ಸಿಲ್ಲ. ಆದರೆ ಕೈ ಚೊಕ್ಕವಾಗಿಟ್ಟುಕೊಂಡು, ತಪ್ಪದೆ ಮಾಡುವ ಒಬ್ಬ ಸೊಸೆಯೋ ಮಗನೋ ಮನೆಯಲ್ಲಿರಬೇಕು.

ಎಷ್ಟು ದಿನ, ಎಂಥ ದಿನ

ಒಟ್ಟಾರೆ ನೋಡಿದರೆ ಡಯಾಲಿಸಿಸ್ ಮಾಡಿಸಿಕೊಂಡವರು ಹೆಚ್ಚು ಕಾಲ ಬದುಕುತ್ತಾರೆ. ಇದನ್ನು ಮುಚ್ಚಿಡಬಾರದು. 70 ದಾಟಿದವರನ್ನು ನೋಡಿದ 2009ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಡಯಾಲಿಸಿಸ್ ಆರಿಸಿಕೊಂಡವರ ಸರಾಸರಿ ಬದುಕು ಸುಮಾರು 38 ತಿಂಗಳು, ಬೇಡವೆಂದವರದು ಸುಮಾರು 14 ತಿಂಗಳು. ಅಂತರ ಸಣ್ಣದಲ್ಲ. ಆದರೆ ಅದೇ ಅಧ್ಯಯನ ಇನ್ನೊಂದು ಲೆಕ್ಕವನ್ನೂ ಹಾಕಿತು. ಆಸ್ಪತ್ರೆಯ ಮೆಟ್ಟಿಲು ಹತ್ತದೆ ಕಳೆದ ದಿನಗಳನ್ನಷ್ಟೇ ಎಣಿಸಿದರೆ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರು. ಹೆಚ್ಚು ಸಿಕ್ಕಿದ ದಿನಗಳಲ್ಲಿ ಬಹುಪಾಲು ಯಂತ್ರದ ಪಕ್ಕದಲ್ಲೋ ವಾರ್ಡಿನಲ್ಲೋ ಕಳೆದಿದ್ದವು.

ಎಲ್ಲರಿಗೂ ಈ ಲಾಭ ಸಮನಾಗಿ ಸಿಗುವುದಿಲ್ಲ. 75 ದಾಟಿದವರನ್ನು ಕುರಿತ 2007ರ ಇನ್ನೊಂದು ಬ್ರಿಟಿಷ್ ಅಧ್ಯಯನದಲ್ಲಿ, ಬೇರೆ ಗಂಭೀರ ಕಾಯಿಲೆಗಳೂ ಸೇರಿಕೊಂಡವರಲ್ಲಿ, ಅದರಲ್ಲೂ ಹೃದಯದ ರಕ್ತನಾಳ ಕಟ್ಟಿದವರಲ್ಲಿ, ಡಯಾಲಿಸಿಸ್‌ನಿಂದ ಆಯಸ್ಸು ಹೆಚ್ಚಾದದ್ದು ಕಾಣಲಿಲ್ಲ. ಅಮೆರಿಕದ ವೃದ್ಧರ ಆರೈಕೆ ಕೇಂದ್ರಗಳಲ್ಲಿದ್ದು ಡಯಾಲಿಸಿಸ್ ಶುರು ಮಾಡಿದ 3,702 ಜನರ ಲೆಕ್ಕ 2009ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗೆ ಶೇ 58ರಷ್ಟು ಜನ ತೀರಿಕೊಂಡಿದ್ದರು. ಏಳುವುದು, ಉಣ್ಣುವುದು, ಬಟ್ಟೆ ಹಾಕಿಕೊಳ್ಳುವುದು ಇಂಥ ಕೆಲಸಗಳಲ್ಲಿ ಮೊದಲಿದ್ದ ಶಕ್ತಿಯನ್ನು ಉಳಿಸಿಕೊಂಡವರು ಶೇ 13 ಮಾತ್ರ. ಅವರು ಮೊದಲೇ ಪರಾವಲಂಬಿಗಳಾಗಿದ್ದ, ತೀರ ನಿತ್ರಾಣದ ಜನ ಎಂಬುದು ನೆನಪಿರಲಿ, ನಮ್ಮ ಮೇಷ್ಟ್ರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಆದರೆ ಹಾಸಿಗೆ ಹಿಡಿದ, ಮರೆವು ಹೆಚ್ಚಾದ, ಹೃದಯ ಸೋತ ಅಜ್ಜನನ್ನು “ಡಯಾಲಿಸಿಸ್ ಮಾಡಿಸಿದ್ರೆ ಎದ್ದು ಓಡಾಡ್ತಾರೆ” ಎಂಬ ಆಸೆಯಿಂದ ಕರೆದೊಯ್ಯುವವರು ಇದನ್ನು ತಿಳಿದಿರಬೇಕು. ಡಯಾಲಿಸಿಸ್ ರಕ್ತವನ್ನು ಸೋಸುತ್ತದೆ. ಸೋತ ಹೃದಯ, ಮರೆವು, ಕುಗ್ಗಿದ ಮೈ ಅದರಿಂದ ಸರಿಯಾಗುವುದಿಲ್ಲ.

ನನ್ನ ದೊಡ್ಡಪ್ಪನಿಗೆ 84. ಮರೆವು ಶುರುವಾಗಿ ಮೂರು ವರ್ಷವಾಗಿತ್ತು. ಕಿಡ್ನಿ ಸೋಲುತ್ತಿದೆ ಎಂದು ಗೊತ್ತಿದ್ದೂ ಮನೆಯಲ್ಲಿ ಯಾರೂ ಆ ಮಾತೆತ್ತಿರಲಿಲ್ಲ. ಒಂದು ರಾತ್ರಿ ಉಸಿರು ಕಟ್ಟಿತು. ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. “ಡಯಾಲಿಸಿಸ್ ಮಾಡದಿದ್ರೆ ಬೆಳಗಿನವರೆಗೆ ಇರೋದಿಲ್ಲ, ಸೈನ್ ಮಾಡಿ” ಎಂದರು, ಮಾಡಿದೆವು. ಕುತ್ತಿಗೆಯ ನಳಿಗೆಯನ್ನು ಅವರು ಕಿತ್ತುಕೊಳ್ಳಲು ಹೋಗುತ್ತಿದ್ದರು, ಅದಕ್ಕೆ ಎರಡೂ ಕೈಗಳನ್ನು ಬಿಳಿ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಭೇಟಿಯ ಹೊತ್ತಿನಲ್ಲಿ ನಾನು ಹೋದಾಗ ಆ ಗಂಟನ್ನು ತೋರಿಸಿ, “ಯಾರ ಮನೆ ಇದು? ಬಿಚ್ಚಪ್ಪಾ” ಎಂದರು. ಹತ್ತೊಂಬತ್ತನೇ ದಿನ ಐಸಿಯುನಲ್ಲೇ ಹೋದರು. ಆ ರಾತ್ರಿ ಡಾಕ್ಟರು ಮಾಡಬೇಕಾದ್ದನ್ನೇ ಮಾಡಿದ್ದರು, ಅವರನ್ನು ನಾನು ದೂರುವುದಿಲ್ಲ. ಅದಕ್ಕೆ ಆರು ತಿಂಗಳ ಮೊದಲು, ದೊಡ್ಡಪ್ಪನಿಗೆ ಇನ್ನೂ ಮಾತು ಅರ್ಥವಾಗುತ್ತಿದ್ದ ಬೆಳಗ್ಗೆಗಳಲ್ಲಿ, ನಾವು ಕೇಳಬೇಕಿತ್ತು. ಕೇಳಲಿಲ್ಲ.

ಡಯಾಲಿಸಿಸ್ ಇಲ್ಲದ ಆರೈಕೆ

ಡಾಕ್ಟರುಗಳು ಇದನ್ನು ಕನ್ಸರ್ವೇಟಿವ್ ಕೇರ್ ಎನ್ನುತ್ತಾರೆ. ಮನೆಯವರ ಕಿವಿಗೆ ಅದು “ಕೈಬಿಟ್ಟರು” ಎಂದು ಕೇಳುತ್ತದೆ. ನಿಜವಾಗಿ ಇದರಲ್ಲಿ ಕೈಬಿಡುವುದು ಯಂತ್ರವೊಂದನ್ನೇ. ಬಿಪಿ, ಸಕ್ಕರೆ, ರಕ್ತಹೀನತೆ, ಆಮ್ಲದ ಅಂಶ, ಪೊಟ್ಯಾಸಿಯಂ ಎಲ್ಲಕ್ಕೂ ಔಷಧಿ ನಡೆಯುತ್ತಿರುತ್ತದೆ. ಜೊತೆಗೆ ತುರಿಕೆ, ವಾಕರಿಕೆ, ಉಸಿರಾಟದ ಕಷ್ಟಗಳನ್ನು ಒಂದೊಂದಾಗಿ ಹಿಡಿದು ಶಮನ ಮಾಡುವುದು. ಎಷ್ಟು ಕಾಲ ಎಂಬುದು ಉಳಿದಿರುವ ಕಿಡ್ನಿಯ ಶಕ್ತಿಯ ಮೇಲೆ ಹೋಗುತ್ತದೆ. ಕೆಲವರಿಗೆ ವಾರಗಳು, ಹಲವರಿಗೆ ತಿಂಗಳುಗಳು, ವರ್ಷ ದಾಟಿದವರೂ ಇದ್ದಾರೆ. ಹಿರಿಯರಲ್ಲಿ ಕಿಡ್ನಿ ಎಷ್ಟೋ ಸಲ ನಿಧಾನವಾಗಿಯೇ ಇಳಿಯುತ್ತದೆ.

ಅತ್ತೆ ಇದನ್ನೇ ಆರಿಸಿಕೊಂಡರು. ವಾರಕ್ಕೆ ಎರಡು ದಿನ ಬಸ್ಸಿನಲ್ಲಿ ಕೂರುವ ಮೈಯಲ್ಲ ತನ್ನದು, ಹಿತ್ತಲು ಬಿಟ್ಟು ಬರಲಾರೆ ಎಂದರು. ಹೃದಯವೂ ಸೋತಿತ್ತು. ಹದಿಮೂರು ತಿಂಗಳು ಇದ್ದರು. ಆ ಹದಿಮೂರು ತಿಂಗಳಲ್ಲಿ ನಾವು ಕಲಿತದ್ದರಲ್ಲಿ ಬೇರೆಯವರಿಗೆ ಉಪಯೋಗವಾಗುವುದನ್ನು ಹೇಳುತ್ತೇನೆ. ಇದು ಯಾವುದನ್ನೂ ನಿಮ್ಮ ಡಾಕ್ಟರನ್ನು ಕೇಳದೆ ಮಾಡಬೇಡಿ.

ಮೊದಲನೆಯದು ತುರಿಕೆ. ಹೊರಗಿನವರಿಗೆ ಇದು ಸಣ್ಣದು ಎನಿಸುತ್ತದೆ. ಅತ್ತೆ ರಾತ್ರಿ ಎರಡು ಗಂಟೆಗೆ ಎದ್ದು ಕೂತು ಬಾಚಣಿಗೆಯಿಂದ ಬೆನ್ನು ಕೆರೆದುಕೊಳ್ಳುತ್ತಿದ್ದರು, ಬೆಳಗ್ಗೆ ಸೀರೆಯ ಮೇಲೆ ರಕ್ತದ ಚುಕ್ಕೆ. ಬಿಸಿನೀರು ಬಿಟ್ಟು ಉಗುರುಬೆಚ್ಚಗಿನ ನೀರು, ಸೋಪು ಕಡಿಮೆ, ಮೈ ಒರೆಸಿದ ಕೂಡಲೇ ಕೊಬ್ಬರಿ ಎಣ್ಣೆ ಎಂದು ಶುರು ಮಾಡಿದೆವು. ಅರ್ಧ ಇಳಿಯಿತು. ಉಳಿದರ್ಧಕ್ಕೆ ಡಾಕ್ಟರು ಗ್ಯಾಬಾಪೆಂಟಿನ್ ಮಾತ್ರೆಯನ್ನು ತೀರ ಸಣ್ಣ ಪ್ರಮಾಣದಲ್ಲಿ ಕೊಟ್ಟರು. ಕಿಡ್ನಿ ಸೋತವರಿಗೆ ಅದು ಹೆಚ್ಚಾದರೆ ಮಂಪರು ಬಂದು ಬೀಳುತ್ತಾರೆ, ಆದ್ದರಿಂದ ಪಕ್ಕದ ಮನೆಯವರ ಚೀಟಿ ನೋಡಿ ತರುವಂಥದ್ದಲ್ಲ. ಒಂದು ವಾರದಲ್ಲಿ ಅತ್ತೆ ರಾತ್ರಿಯಿಡೀ ಮಲಗಿದರು. ತುರಿಕೆಯನ್ನು ಡಾಕ್ಟರಿಗೆ ಹೇಳಬೇಕು ಎಂದೇ ನಮಗೆ ಅನಿಸಿರಲಿಲ್ಲ. ಹೇಳಿ.

ಸುಸ್ತು ಬಹುಪಾಲು ರಕ್ತಹೀನತೆಯಿಂದ. ಕಬ್ಬಿಣಾಂಶದ ಇಂಜೆಕ್ಷನ್, ಎರಿಥ್ರೋಪೊಯೆಟಿನ್ ಇಂಜೆಕ್ಷನ್ ಡಯಾಲಿಸಿಸ್ ಇಲ್ಲದವರಿಗೂ ಕೊಡುತ್ತಾರೆ. ಸೋಡಿಯಂ ಬೈಕಾರ್ಬನೇಟ್ ಮಾತ್ರೆ ರಕ್ತದ ಆಮ್ಲವನ್ನು ತಗ್ಗಿಸುತ್ತದೆ. ಕಾಲು ಊದಿ, ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಅದು ಮೈಯಲ್ಲಿ ನಿಂತ ನೀರು. ಉಪ್ಪು ಕಡಿಮೆ ಮಾಡುವುದು, ಫ್ರೂಸಮೈಡ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆ, ಕುಡಿಯುವ ನೀರಿನ ಅಳತೆ ಈ ಮೂರೂ ಒಟ್ಟಿಗೆ ನಡೆಯಬೇಕು. ದಿನಾ ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮೊದಲು ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಎರಡು ದಿನದಲ್ಲಿ ಎರಡು ಕೇಜಿ ಏರಿದರೆ ಅದು ನೀರು, ಆಗಲೇ ಡಾಕ್ಟರಿಗೆ ಫೋನ್ ಮಾಡಿ. ಉಸಿರು ಕಟ್ಟುವ ತನಕ ಕಾಯಬೇಡಿ.

ನೋವಿಗೆ ಪ್ಯಾರಾಸಿಟಮಾಲ್ ನಡೆಯುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಮನೆಯೊಳಗೆ ಇರಲೇಬಾರದು. ತೀವ್ರ ನೋವಿದ್ದರೆ ಪ್ಯಾಲಿಯೇಟಿವ್, ಅಂದರೆ ಉಪಶಮನ ಆರೈಕೆಯ, ಡಾಕ್ಟರ ಸಲಹೆ ಬೇಕು. ಮಾರ್ಫಿನ್‌ನಿಂದ ಹುಟ್ಟುವ ಅಂಶಗಳು ಕಿಡ್ನಿ ಸೋತವರ ಮೈಯಲ್ಲಿ ಕೂಡಿಕೊಳ್ಳುತ್ತವೆ, ಅಂಥವರಿಗೆ ಫೆಂಟನಿಲ್ ಅಥವಾ ಬುಪ್ರೆನಾರ್ಫಿನ್ ಪಟ್ಟಿ ಹೆಚ್ಚು ಒಗ್ಗುತ್ತದೆ.

ಊಟದ ವಿಷಯದಲ್ಲಿ ಎರಡು ಮಾತು. ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಹುದು, ಆದ್ದರಿಂದ ಅದರ ಮೇಲೆ ಕಣ್ಣಿರಲಿ. ನೋಡಲು ಬಂದವರೆಲ್ಲ ತರುವ ಎಳನೀರಿನಲ್ಲಿ ಅದು ಜಾಸ್ತಿ. ಬಿಪಿಗೆ ಒಳ್ಳೆಯದೆಂದು ಅಂಗಡಿಯಲ್ಲಿ ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಸೇರಿಸಿರುತ್ತಾರೆ, ಅದು ಬೇಡವೇ ಬೇಡ. ತರಕಾರಿಯನ್ನು ಸಣ್ಣಗೆ ಹೆಚ್ಚಿ ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿ. ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಎಚ್ಚರಿಕೆ: ಧಾರೆಹುಳಿ. ಕೊಯ್ದರೆ ನಕ್ಷತ್ರದಂತೆ ಕಾಣುವ ಈ ಹಣ್ಣಿನಲ್ಲಿರುವ ಒಂದು ವಿಷಾಂಶವನ್ನು ಸೋತ ಕಿಡ್ನಿ ಹೊರಹಾಕಲಾರದು. ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಗೊಂದಲ, ಫಿಟ್ಸ್, ಸಾವು ಕೂಡ ಆಗಿದೆ. ಗೊಜ್ಜು, ಉಪ್ಪಿನಕಾಯಿ, ಜ್ಯೂಸು ಯಾವ ರೂಪದಲ್ಲೂ ಬೇಡ. ಕಿಡ್ನಿ ಸರಿಮಾಡುತ್ತೇವೆ ಎನ್ನುವ ಕಷಾಯ, ಭಸ್ಮಗಳನ್ನೂ ದೂರವಿಡಿ.

ಎರಡನೆಯ ಮಾತು ಇದಕ್ಕೆ ವಿರುದ್ಧ ಎನಿಸಬಹುದು. ಪಥ್ಯವನ್ನೇ ಶಿಕ್ಷೆ ಮಾಡಬೇಡಿ. ಹಿರಿಯರು ಉಣ್ಣುವುದನ್ನೇ ಬಿಟ್ಟರೆ ಸೊರಗುವುದು ಇನ್ನೂ ಬೇಗ. ಅತ್ತೆಗೆ ಅಪ್ಪೆಮಿಡಿ ಇಲ್ಲದೆ ಗಂಜಿ ಇಳಿಯುತ್ತಿರಲಿಲ್ಲ. ಉಪ್ಪಿನಕಾಯಿ ಎಂದರೆ ಉಪ್ಪಿನ ಗಣಿ, ನಾವು ಭರಣಿಯನ್ನೇ ಅಟ್ಟಕ್ಕೆ ಏರಿಸಿದ್ದೆವು. ಡಾಕ್ಟರು ಕೇಳಿ, “ವಾರಕ್ಕೆ ಎರಡು ದಿನ ಒಂದು ಮಿಡಿ, ತೊಳೆದು ಕೊಡಿ, ರಸ ಬೇಡ. ಆ ದಿನ ಸಾರಿಗೆ ಉಪ್ಪು ಹಾಕ್ಬೇಡಿ” ಎಂದರು. ಆ ದಿನಗಳಲ್ಲಿ ಅತ್ತೆ ಎರಡು ಸೌಟು ಗಂಜಿ ಹೆಚ್ಚು ಉಂಡರು.

ಕೊನೆಯ ದಿನಗಳ ಬಗ್ಗೆ ಅತ್ತೆ ಕೇಳಿದ್ದರಲ್ಲ, ನೋವಾಗುತ್ತದಾ ಎಂದು. ಡಾಕ್ಟರು ಹೇಳಿದ್ದು ಹೀಗೆ: ಕಿಡ್ನಿಯ ಸಾವಿನಲ್ಲಿ ಸಾಮಾನ್ಯವಾಗಿ ಮಂಪರು ಹೆಚ್ಚುತ್ತದೆ, ಎಚ್ಚರದ ಹೊತ್ತು ಕಡಿಮೆಯಾಗುತ್ತ ನಿದ್ದೆಯಲ್ಲೇ ಮುಗಿಯುತ್ತದೆ. ಕಷ್ಟ ಕೊಡಬಹುದಾದ್ದು ಉಸಿರಾಟ, ಅದಕ್ಕೆ ಔಷಧಿ ಮೊದಲೇ ಮನೆಯಲ್ಲಿರಬೇಕು. ಇದು ಬಹಳ ಮುಖ್ಯ. ರಾತ್ರಿ ಉಸಿರು ಕಟ್ಟಿದಾಗ ಏನು ಕೊಡಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದು ಗೊತ್ತಿಲ್ಲದಿದ್ದರೆ ಎಂಥ ಗಟ್ಟಿ ಮನೆಯವರೂ ಹೆದರಿ ಆಂಬುಲೆನ್ಸ್ ಕರೆಯುತ್ತಾರೆ, ಹಿರಿಯರು ಬೇಡವೆಂದ ಐಸಿಯು ಬಾಗಿಲಿಗೇ ಮುಟ್ಟಿಸುತ್ತಾರೆ. ಉಪಶಮನ ಆರೈಕೆ ಎಂದರೆ ಕ್ಯಾನ್ಸರಿಗೆ ಮಾತ್ರ ಎಂಬ ತಿಳಿವಳಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬೆಂಗಳೂರು, ಮಣಿಪಾಲಗಳ ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಇದಕ್ಕೆಂದೇ ವಿಭಾಗಗಳಿವೆ, ಕಿಡ್ನಿ ರೋಗಿಗಳಿಗೆ ಏನು ಸಿಗುತ್ತದೆ ಎಂದು ಕೇಳಿ. ಹತ್ತಿರದಲ್ಲಿ ಇಲ್ಲದಿದ್ದರೆ, ಮನೆಗೆ ಬರಬಲ್ಲ ಊರಿನ ಡಾಕ್ಟರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸನ್ನೂ ನಿಮ್ಮ ಕಿಡ್ನಿ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿಸಿ. ನಾವು ಮಾಡಿದ್ದು ಅಷ್ಟೇ, ಅದು ಸಾಕಾಯಿತು.

ಶುರು ಮಾಡಿ ನೋಡುವುದು, ನಿಲ್ಲಿಸುವುದು

“ಒಂದು ಸಲ ಶುರು ಮಾಡಿದ್ರೆ ಬಿಡೋ ಹಾಗಿಲ್ಲ” ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಬಿಟ್ಟರೆ ಬದುಕು ಮುಂದುವರಿಯದು ಎಂಬುದು ನಿಜ; ಮೂತ್ರ ಪೂರ್ತಿ ನಿಂತವರು ಡಯಾಲಿಸಿಸ್ ನಿಲ್ಲಿಸಿದರೆ ಸಾಮಾನ್ಯವಾಗಿ ಒಂದು ವಾರ, ಹತ್ತು ದಿನ. ಆದರೆ ಬಿಡಲೇಬಾರದು ಎಂಬ ನಿಯಮ ಯಾವುದೂ ಇಲ್ಲ. ನಿರ್ಧರಿಸಲಾಗದ ಮನೆಗಳಿಗೆ ಒಂದು ನಡುದಾರಿ ಇದೆ: ಗಡುವು ಹಾಕಿಕೊಂಡು ಶುರು ಮಾಡುವುದು. ಮೂರು ತಿಂಗಳು ನೋಡೋಣ ಎಂದು ಮೊದಲೇ ಡಾಕ್ಟರ ಎದುರು ಮಾತಾಗಬೇಕು. ಯಾವುದು ಸುಧಾರಿಸಿದರೆ ಮುಂದುವರಿಸುವುದು, ಏನಾದರೆ ನಿಲ್ಲಿಸುವುದು ಎಂಬುದನ್ನು ಹಿರಿಯರ ಮಾತಿನಲ್ಲೇ ಬರೆದುಕೊಳ್ಳಿ. “ನನ್ನ ಕಾಲ ಮೇಲೆ ಬಚ್ಚಲಿಗೆ ಹೋಗೋ ಹಾಗಿದ್ರೆ ಸೈ” ಎಂದು ಒಬ್ಬರು ಹೇಳಬಹುದು, “ಮೊಮ್ಮಗಳ ಮದುವೆ ನೋಡ್ಬೇಕು, ಆಮೇಲೆ ಬೇಡ” ಎಂದು ಇನ್ನೊಬ್ಬರು. ಎರಡೂ ನ್ಯಾಯವಾದ ಗುರಿಗಳೇ. ಗಡುವಿನ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಆ ದಿನ ನಿಜವಾಗಿಯೂ ಕೂತು ಮಾತಾಡಿ.

ದೂರದ ಮಗ, ಹತ್ತಿರದ ಕಾಗದ

ಇಂಥ ಹೊತ್ತಿನಲ್ಲಿ ಜಗಳ ಶುರುವಾಗುವುದು ಬಹುತೇಕ ದೂರದಿಂದ. ಅತ್ತೆಯ ಮಗ ಅಮೆರಿಕದಲ್ಲಿದ್ದಾನೆ. “ದುಡ್ಡಿಗೆ ಯೋಚ್ನೆ ಮಾಡ್ಬೇಡಿ, ಏನು ಬೇಕಾದ್ರೂ ಮಾಡ್ಸಿ” ಎಂದ. ಅವನ ಸಂಕಟ ಸುಳ್ಳಲ್ಲ, ಹತ್ತಿರವಿದ್ದು ಮಾಡಲಾಗದವನಿಗೆ ಕೊಡಲು ಉಳಿಯುವುದು ದುಡ್ಡೊಂದೇ. ಅವನಿಗೆ ಉತ್ತರ ಹೇಳುವ ಕೆಲಸ ನಮ್ಮದಾಗಿರಲಿಲ್ಲ. ವಿಡಿಯೊ ಕಾಲ್ ಹಚ್ಚಿ ಫೋನನ್ನು ಅತ್ತೆಯ ಕೈಗೆ ಕೊಟ್ಟೆವು. “ನೀನು ಬರೋದಾದ್ರೆ ಈಗ ಬಾ, ನಾನು ಮಾತಾಡೋ ಹಾಗಿರುವಾಗ. ಆಸ್ಪತ್ರೆಲಿ ಮಲಗಿದ ಮೇಲೆ ಬಂದು ಎಂಥ ಮಾಡ್ತೀ?” ಎಂದರು. ಅವನು ಮಳೆಗಾಲಕ್ಕೆ ಬಂದು ಮೂರು ವಾರ ಇದ್ದು ಹೋದ.

ಮಾತು ಶುರು ಮಾಡುವುದೇ ಕಷ್ಟ ಎನ್ನುವವರಿಗೆ: ಸಾವಿನಿಂದ ಶುರು ಮಾಡಬೇಕಿಲ್ಲ. “ನಿಮಗೆ ದಿನ ಹೇಗಿದ್ರೆ ಸಮಾಧಾನ? ಯಾವುದು ಆಗದೆ ಹೋದ್ರೆ ಬೇಜಾರು?” ಎಂದು ಕೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಹಿರಿಯರು ನಾವು ಅಂದುಕೊಂಡದ್ದಕ್ಕಿಂತ ಮೊದಲೇ ಯೋಚಿಸಿರುತ್ತಾರೆ. “ನಿಮಗೆ ಹೊರೆ ಬೇಡ” ಎಂಬ ಒಂದೇ ಕಾರಣಕ್ಕೆ ಡಯಾಲಿಸಿಸ್ ಬೇಡ ಎನ್ನುತ್ತಿದ್ದಾರಾ ಎಂಬುದನ್ನು ಮಾತ್ರ ಕೆದಕಿ ನೋಡಿ. ಬದುಕುವ ಆಸೆ ಇದ್ದೂ ದಾಕ್ಷಿಣ್ಯಕ್ಕೆ ಬೇಡ ಎಂದವರನ್ನು ಹಾಗೆಯೇ ಬಿಡುವುದು ದೊಡ್ಡಪ್ಪನ ಕೈ ಕಟ್ಟಿದಷ್ಟೇ ತಪ್ಪು.

ಕಾನೂನು ಈಗ ಹಿರಿಯರ ಕಡೆಗಿದೆ. ತಿಳಿವಳಿಕೆಯಿರುವ ವಯಸ್ಕರು ತಮಗೆ ಬೇಡವಾದ ಚಿಕಿತ್ಸೆಯನ್ನು ನಿರಾಕರಿಸಬಹುದು. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಕಾಮನ್ ಕಾಸ್ ಪ್ರಕರಣದಲ್ಲಿ ಹೇಳಿತು, ಮಾತು ನಿಂತ ಮೇಲೆ ತನಗೆ ಯಾವ ಚಿಕಿತ್ಸೆ ಬೇಕು, ಬೇ‌ಡ ಎಂಬುದನ್ನು ಮುಂಚಿತವಾಗಿ ಬರೆದಿಡಲು ಅವಕಾಶ ಕೊಟ್ಟಿತು. 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು. ತನ್ನ ಪರವಾಗಿ ಯಾರು ಮಾತಾಡಬೇಕು ಎಂಬ ಹೆಸರುಗಳನ್ನೂ ಅದರಲ್ಲಿ ಬರೆಯಬೇಕು. ಐಸಿಯುನಲ್ಲಿ ಮಾತಿಲ್ಲದೆ ಮಲಗಿದವರ ಚಿಕಿತ್ಸೆಯನ್ನು ಹಿಂದೆಗೆಯುವಾಗ ಆಸ್ಪತ್ರೆಯ ಎರಡು ವೈದ್ಯ ಮಂಡಳಿಗಳು ಒಪ್ಪಬೇಕು, ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿ ಕೊನೆಯಲ್ಲಿ ಸುತ್ತೋಲೆ ಹೊರಡಿಸಿತು.

ಅತ್ತೆಯ ಮನೆಯಲ್ಲಿ ನೋಟರಿ ಕಾಗದದ ಜೊತೆಗೆ ಇನ್ನೊಂದು ಹಾಳೆಯೂ ಇತ್ತು, ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿದ್ದು. ಊರಿನ ಡಾಕ್ಟರ ನಂಬರು, ನರ್ಸಿನ ನಂಬರು. ಉಸಿರು ಕಟ್ಟಿದರೆ ಮೊದಲು ಕೂರಿಸಿ ಬೆನ್ನಿಗೆ ದಿಂಬು ಕೊಡುವುದು, ಮುಖಕ್ಕೆ ಫ್ಯಾನು, ಕಪಾಟಿನ ನೀಲಿ ಡಬ್ಬಿಯ ಮಾತ್ರೆ, ಆಮೇಲೆ ಫೋನು. ವಾಂತಿಗೆ ಯಾವುದು, ತುರಿಕೆಗೆ ಯಾವುದು. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ, ಡಯಾಲಿಸಿಸ್ ಮತ್ತು ಐಸಿಯು ಬೇಡವೆಂದು ಅತ್ತೆ ಹೇಳಿದ ಮಾತು, ಅವರದೇ ಸಹಿ. ಆ ಹಾಳೆಯನ್ನು ನಾವು ಮೂರು ಸಲ ತಿದ್ದಿ ಬರೆದೆವು. ಕೊನೆಯ ರಾತ್ರಿ ಅದನ್ನು ಓದಿ ಹೇಳಿದ್ದು ಅತ್ತೆಯ ಸೊಸೆ, ಫ್ಯಾನು ಹಚ್ಚಿದ್ದು ನಾನು. ಡಾಕ್ಟರು ಬೈಕಿನಲ್ಲಿ ಬರುವ ಹೊತ್ತಿಗೆ ಅತ್ತೆಯ ಉಸಿರು ನೆಟ್ಟಗಾಗಿ ನಿದ್ದೆ ಹತ್ತಿತ್ತು.